ಬಾಟಲಿಯ ಜೊತೆ ಬಂದ ಉಡಿ

ನನ್ನ ತಂಗಿಯ ಊರಲ್ಲಿ ಕಾಲುವೆಯ ಸೇತುವೆ ದಾಟಿದ ಕೂಡಲೇ ಎಡಕ್ಕೆ ಒಂದು ಹೆರಿಗೆ ಮನೆ ಇದೆ. ಅದರ ಗೋಡೆಗೆ ಕರಿಕಲ್ಲು ಹಚ್ಚಿದ್ದಾರೆ. ಕಲ್ಲಿನ ತುಂಬ ದಾನ ಕೊಟ್ಟವರ ಹೆಸರು. ಎಲ್ಲರಿಗಿಂತ ಮೇಲೆ, ಎಲ್ಲರಿಗಿಂತ ದೊಡ್ಡ ಅಕ್ಷರದಲ್ಲಿ, ಬ್ರಾಂಡಿ ಅಂಗಡಿಯ ಮಾಲೀಕನ ಹೆಸರಿದೆ. ಆ ಕಲ್ಲು ಕಣ್ಣಿಗೆ ಬಿದ್ದಾಗೆಲ್ಲ ಹಾರೆ ತಂದು ಕಿತ್ತು ಕಾಲುವೆಗೆ ಎಸೆಯಬೇಕು ಅನ್ನಿಸುತ್ತದೆ. ಎಸೆಯುವ ಹಕ್ಕು ನನಗಿಲ್ಲ. ಆ ಕಟ್ಟಡಕ್ಕಾಗಿ ಬಾಟಲಿ ಹೊತ್ತು ತಂದವನು ನಾನು.

ಕಟ್ಟಡಕ್ಕೆ ಈಗ ಬೀಗ. ನರ್ಸಮ್ಮ ಬಂದ ದಿನ ತೆಗೆಯುತ್ತಾರೆ, ಬರದ ದಿನ ಯಾರದೋ ಗೊಬ್ಬರದ ಚೀಲ ಒಳಗೆ ಬಿದ್ದಿರುತ್ತವೆ. ಊರಿನ ಹಿರಿಯರು ಇಂದಿಗೂ ಬಂದವರಿಗೆ ಆ ಕಲ್ಲು ತೋರಿಸಿ, "ಸವಾಲು ಹಿಡಿದು ಕಟ್ಟಿಸೀವ್ರಿ" ಅನ್ನುತ್ತಾರೆ. ಯಾರ ಬಾಯಿ ಮುಚ್ಚಿಸಿ ಕಟ್ಟಿಸಿದರು ಅನ್ನುವುದನ್ನು ಒಬ್ಬನೂ ಹೇಳುವುದಿಲ್ಲ. ಅದಕ್ಕೆ ನಾನು ಹೇಳುತ್ತಿದ್ದೇನೆ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಬರೆದದ್ದರಲ್ಲಿ ಹೆಚ್ಚುಕಡಿಮೆ ಇದ್ದೀತು. ನಡೆದದ್ದರಲ್ಲಿ ಇಲ್ಲ.

ಕಾಲುವೆಗೆ ನೀರು ಬರುವ ಮುಂಚೆ ನಮ್ಮ ಕಡೆ ಜೋಳ, ಸಜ್ಜೆ, ತೊಗರಿ. ನೀರು ಬಂದ ಮೇಲೆ ಎತ್ತ ನೋಡಿದರೂ ಭತ್ತ. ತಂಗಿಯ ಗಂಡನಿಗೆ ಜೋಳದ ಹೊಲ ಗೊತ್ತಿತ್ತು, ಕೆಸರುಗದ್ದೆ ಗೊತ್ತಿರಲಿಲ್ಲ. ಹೊರಗಿನಿಂದ ಬಂದು ಗುಡಿಸಲು ಹಾಕಿಕೊಂಡಿದ್ದ ಭತ್ತದ ರೈತರಿಗೆ ಹೊಲವನ್ನು ಲೀಜಿಗೆ ಕೊಟ್ಟ. ಕೈಗೆ ರೊಕ್ಕ ಬಂತು, ಕೆಲಸ ಹೋಯಿತು. ಅದೇ ಹೊತ್ತಿಗೆ ಸೇತುವೆಯ ಬಾಯಲ್ಲೇ ಬ್ರಾಂಡಿ ಅಂಗಡಿ ಬಂತು. ಅಂಗಡಿಯವನು ದಡ್ಡನಲ್ಲ. ಹೊಲಕ್ಕೆ ಹೋಗುವವನು, ಬಸ್ಸು ಹಿಡಿಯುವವನು, ಎಮ್ಮೆ ಹೊಡೆದುಕೊಂಡು ಬರುವವನು, ಎಲ್ಲರೂ ಆ ಸೇತುವೆಯನ್ನೇ ದಾಟಬೇಕು.

ತಂಗಿಯ ಗಂಡ ಕೆಟ್ಟ ಮನುಷ್ಯನಲ್ಲ. ಕೈ ಎತ್ತಿದವನಲ್ಲ. ಕುಡಿಯುತ್ತಿದ್ದ, ಮಲಗುತ್ತಿದ್ದ, ಎದ್ದು ಮತ್ತೆ ಕುಡಿಯುತ್ತಿದ್ದ. ಒಂದು ಸಂಜೆ ದಂಡೆಯ ಮೇಲೆ ಬರುವಾಗ ಜಾರಿ ನೀರಿಗೆ ಬಿದ್ದ. ತೂಬಿನ ಹತ್ತಿರ ಎಮ್ಮೆ ತೊಳೆಯುತ್ತಿದ್ದವರು ಅಂಗಿಯ ಕಾಲರು ಹಿಡಿದು ಎಳೆದರು. ನಾನೇ ಯಾದಗಿರಿಗೆ ಕರೆದುಕೊಂಡು ಹೋಗಿ ತೋರಿಸಿದೆ. ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಇನ್ನು ಕುಡಿದರೆ ಉಳಿಯುವುದಿಲ್ಲ ಅಂದರು. ಹೊರಗೆ ಬಂದ ಮೇಲೆ ತಂಗಿ ನನಗೆ ಹೇಳಿದ ಮಾತು ಇದು:

"ಅಣ್ಣಾ, ಈತ ಶಹಾಪುರಕ್ಕ ಹೋಗಿ ಕುಡಿಯೋವಷ್ಟು ತ್ರಾಣ ಇರೋ ಮನಷ್ಯಾ ಅಲ್ಲ. ಬಾಗಲದಾಗ ಅಂಗಡಿ ಅದ, ಅದಕ್ಕ ಕುಡೀತಾನ. ಆ ಅಂಗಡಿ ಎತ್ತಿಸಿದ್ರ ನನ್ನ ಗಂಡ ಉಳೀತಾನ. ಅಷ್ಟೇ ನೋಡು."

ಆಕೆ ಶಾಲೆಗೆ ಹೋದವಳೇ ಅಲ್ಲ. ಅರ್ಜಿ ಕೊಡು, ತಹಶೀಲ ಆಫೀಸಿಗೆ ಹೋಗು ಅಂತ ಯಾರೋ ಹೇಳಿದರು. ಆಕೆ ಹೋಗಲಿಲ್ಲ. ಮನೆಯಲ್ಲಿ ಅರ್ಧ ಹೊಲಿದಿಟ್ಟಿದ್ದ ಕೌದಿ ತೆಗೆದುಕೊಂಡು ಹೋಗಿ ಬ್ರಾಂಡಿ ಅಂಗಡಿಯ ಬಾಗಿಲ ಮುಂದೆ ಹಾಸಿದಳು. ಸುತ್ತಲೂ ಓಣಿಯ ಹೆಂಗಸರು ಸೂಜಿ ದಾರ ಹಿಡಿದು ಕುಳಿತರು. ಕೌದಿಯಲ್ಲಿ ಆ ಊರಿನ ಎಲ್ಲ ಮನೆಯ ಹಳೆಯ ಸೀರೆಯ ತುಂಡುಗಳಿದ್ದವು. ಅಂಗಡಿಯೊಳಗೆ ಹೋಗಬೇಕಾದರೆ ಅದನ್ನು ತುಳಿದೇ ಹೋಗಬೇಕು. ತಾಯಿಯ ಸೀರೆ ತುಳಿಯುವ ಧೈರ್ಯ ಯಾವ ಗಂಡಸಿಗೆ ಇದೆ?

ಒಂದು ಸಂಜೆ ನಾನೇ ನೋಡಿದೆ. ಒಬ್ಬ ದೂರ ನಿಂತು ಕೈ ಮುಗಿದು ಕೇಳುತ್ತಿದ್ದ.

"ಯವ್ವಾ, ಒಂದು ಮೂಲಿ ಮಡಚಬೇ. ಹಿಂಗ ಹೋಗಿ ಹಂಗ ಬರ್ತೀನಿ."

ಅವನ ತಾಯಿ ಸೂಜಿಯಿಂದ ಕಣ್ಣು ಎತ್ತಲಿಲ್ಲ. "ಮಡಚೋದ್ಯಾಕಲೇ? ತುಳಕೋತ ಬಾ. ಈ ಕಡಿಗೆ ನಿಮ್ಮಜ್ಜಿ ಸೀರಿ ಅದ, ಆ ಕಡಿಗೆ ನಂದದ. ಯಾವುದು ಮೆತ್ತಗದ ನೋಡಿ ಕಾಲಿಡು."

ಹೆಂಗಸರೆಲ್ಲ ನಕ್ಕರು. ಅವನು ಚಪ್ಪಲಿ ಎಳೆಯುತ್ತ ಹೊರಟುಹೋದ. ನನ್ನ ತಂಗಿ ನಡುವೆ ಕುಳಿತಿದ್ದಳು. ಆಕೆಯ ಗಂಡ ಆ ದಿನಗಳಲ್ಲಿ ಸಂಜೆ ಮನೆಯಲ್ಲೇ ಇರುತ್ತಿದ್ದ. ಕೈ ನಡುಗುತ್ತಿತ್ತು, ಮಾತಿಗೊಮ್ಮೆ ಸಿಡುಕುತ್ತಿದ್ದ. ಆದರೂ ರೊಟ್ಟಿ ತಿನ್ನುತ್ತಿದ್ದ. ಕೌದಿ ಅಲ್ಲಿ ಹಾಸಿರುವಷ್ಟು ದಿನ ಆತ ಬದುಕುತ್ತಾನೆ ಅನ್ನುವುದು ನಮ್ಮಿಬ್ಬರಿಗೂ ಕಾಣುತ್ತಿತ್ತು.

ಆಗ ನಾನು ಒಬ್ಬ ಕಾಂಟ್ರಾಕ್ಟರರ ಜೀಪು ಓಡಿಸುತ್ತಿದ್ದೆ. ಮರಿಗಾಲುವೆಗಳಿಗೆ ಸಿಮೆಂಟು ಹಾಕಿಸುವ ಕೆಲಸ ಅವರದು. ದಿನಾ ಭೀಮರಾಯನಗುಡಿಯ ಕಾಲುವೆ ಆಫೀಸಿಗೆ ಓಡಾಟ. ಆ ವರ್ಷ ತಂಗಿಯ ಊರಲ್ಲಿ ಒಬ್ಬ ಬಸುರಿಯನ್ನು ಟ್ರ್ಯಾಕ್ಟರಿನಲ್ಲಿ ಸಾಗಿಸುವಾಗ ಕೂಸು ಹೋಯಿತು. ಊರಿನ ಹಿರಿಯರು ಬಂದು ನಮ್ಮ ಧಣಿಯ ಮುಂದೆ ಕುಳಿತರು. ಹೆರಿಗೆ ಮನೆ ಒಂದು ಬೇಕು ಅಂದರು. ಧಣಿಗೆ ಹುರುಪು ಬಂತು. ಸವಾಲು ಇಡೋಣ ಅಂದರು.

ಸವಾಲು ಅಂದರೆ ಹರಾಜು, ನಮ್ಮ ಕಡೆ ಹೊಸದೇನಲ್ಲ. ದಾನ ಬಂದ ವಸ್ತುವನ್ನು ನಾಲ್ಕು ಮಂದಿಯ ನಡುವೆ ಕೂಗಿ ಮಾರುವುದು, ಬಂದದ್ದನ್ನು ಒಳ್ಳೆಯ ಕೆಲಸಕ್ಕೆ ಹಾಕುವುದು. ಕೊಂಡವನು ಆ ವಸ್ತುವನ್ನು ಮನೆಗೆ ಒಯ್ಯದೆ ಮತ್ತೆ ಸವಾಲಿಗೆ ಬಿಟ್ಟರೆ ಚಪ್ಪಾಳೆ ಹೆಚ್ಚು. ಹಿರಿಯರು ತೆಂಗಿನಕಾಯಿ, ಕುಪ್ಪಸದ ಬಟ್ಟೆ, ಬೆಳ್ಳಿ ಬಟ್ಟಲು ಅಂತ ಹೇಳುತ್ತಿದ್ದರು. ಧಣಿ ನಕ್ಕರು.

"ಕಾಯಿ ಇಟ್ರ ಈ ಕಾಂಟ್ರಾಕ್ಟರ ಮಂದಿ ಏಳೋದಿಲ್ಲ ಕೂಡೋದಿಲ್ಲ. ಬಾಟ್ಲಿ ಇಡ್ರಿ. ಒಬ್ಬರ ಮ್ಯಾಲ ಒಬ್ಬರು ಹೆಂಗ ಏರತಾರ ನೋಡ್ರಿ. ಅಂಗಡಿಯವರೆಲ್ಲ ಪುಕ್ಕಟೆ ಕೊಡ್ತಾರ. ಕೇಳಾಕ ನಮ್ಮ ಡ್ರೈವರ್ ಹೋಗ್ತಾನ."

ಹಿರಿಯರಲ್ಲಿ ಒಬ್ಬನಾದರೂ ಬೇಡ ಅನ್ನಲಿಲ್ಲ. ತಮ್ಮ ಊರಿನ ಹೆಂಗಸರು ಬ್ರಾಂಡಿ ಅಂಗಡಿಯ ಮುಂದೆ ಕುಳಿತಿರುವಾಗ ಬ್ರಾಂಡಿ ಬಾಟಲಿಯಿಂದ ಹೆಂಗಸರಿಗೇ ಹೆರಿಗೆ ಮನೆ. ಇದು ಅವರಿಗೆ ವಿಚಿತ್ರ ಅನ್ನಿಸಲೇ ಇಲ್ಲ. ನನ್ನ ತಂಗಿ ಹೋಗಿ ಹೀಗೇಕೆ ಅಂತ ಕೇಳಿದಾಗ ಆಕೆಯನ್ನು ಕೂಡಿಸಿ ಸಮಾಧಾನ ಮಾಡಿದರು. "ಸವಾಲಿನ ದಿನ ದೊಡ್ಡ ಮಂದಿ ಎಲ್ಲಾ ಬರ್ತಾರವ್ವ. ಅಂಗಡಿ ಮಾಲೀಕನೂ ಬರ್ತಾನ. ನೀ ಎದ್ದು ನಿಂತು ಎಲ್ಲರ ಮುಂದ ಕೇಳು, ಅಂಗಡಿ ಎತ್ತು ಅಂತ. ಅಷ್ಟು ಮಂದ್ಯಾಗ ಅಂವ ಇಲ್ಲ ಅನ್ನಂಗಿಲ್ಲ." ಆಕೆ ನಂಬಿದಳು. ನಾನೂ ನಂಬಿದೆ. ಆ ಹಿರಿಯರು ಕೂಡ ಆ ಹೊತ್ತಿಗೆ ನಿಜವಾಗಿ ಹೇಳಿದ್ದರು ಅಂತಲೇ ಈಗಲೂ ಅಂದುಕೊಂಡಿದ್ದೇನೆ. ಕೆಡಿಸಿದವನು ಬೇರೆ.

ಆಷಾಢ ಮುಗಿಯುವ ಹೊತ್ತಿಗೆ ನಾನು ಬಾಟಲಿ ಕೇಳಲು ಹೊರಟೆ. ಜೀಪಿನ ಹಿಂದೆ ಖಾಲಿ ಕ್ರೇಟು, ಒಡೆಯದಂತೆ ನಡುವೆ ತುರುಕಲು ಒಂದು ಹೊರೆ ಭತ್ತದ ಹುಲ್ಲು. ಮೊದಲು ಯಾದಗಿರಿ. ಸ್ಟೇಷನ್ ಹತ್ತಿರದ ಅಂಗಡಿಯವನು ನಾನು ಹೇಳಿದ್ದನ್ನು ಕೇಳಿ ಗಲ್ಲಾದ ಮೇಲೆ ತಲೆ ಇಟ್ಟು ನಕ್ಕ.

"ಹೆರಿಗಿ ಮನಿಗೆ ಬ್ರಾಂಡಿ? ಕೂಸಿನ ಬಾಯಿಗೆ ಜೇನುತುಪ್ಪದ ಬದಲಿ ಇದನ್ನೇ ಹಚ್ಚತೀರೇನು?"

"ಮಾರಿ ಕಟ್ಟಸ್ತಾರ್ರಿ."

"ಗೊತ್ತಾತು ಬಿಡು. ಅಪ್ಪ ಒಂದು ಕಡಿ ಕುಡಿಯೋದು, ಅವ್ವ ಒಂದು ಕಡಿ ಹಡಿಯೋದು. ಎರಡಕ್ಕೂ ನಾವೇ ಬೇಕು." ಹೀಗೆ ಅಂದು ಧೂಳು ಹಿಡಿದ ಎರಡು ಬಾಟಲಿ ಕೊಟ್ಟ. ಒಂದರ ಚೀಟಿ ಬಿಸಿಲಿಗೆ ಬೆಳ್ಳಗಾಗಿ ಅದು ಏನೆಂದು ಅವನಿಗೇ ತಿಳಿಯುತ್ತಿರಲಿಲ್ಲ.

ಸುರಪುರದಲ್ಲಿ ಒಬ್ಬ ಕೊಡುವುದಿಲ್ಲ ಅಂತ ಖಂಡಿತ ಹೇಳಿದ. ಅವನ ಮೇಲೆ ನನಗೆ ಇಂದಿಗೂ ಗೌರವ. "ಮಾರಾಕ ಕುಂತೀನಿ, ಮಾರ್ತೀನಿ. ಪುಣ್ಯ ಬ್ಯಾಡ ನನಗ" ಅಂದ. ರಂಗಂಪೇಟೆಯ ಓಣಿಯಲ್ಲಿ ಎರಡೂ ಕಡೆ ಮಗ್ಗದ ಸದ್ದು. ಅಲ್ಲಿಯ ಅಂಗಡಿಯವನು ಒಂದು ಒಳ್ಳೆಯ ಬಾಟಲಿಯನ್ನು ಪೇಪರಿನಲ್ಲಿ ಸುತ್ತಿ ಕೊಟ್ಟು, "ನನ್ನ ಹೆಸರು ಮಾತ್ರ ಕೂಗಸಬ್ಯಾಡ್ರಿ. ನಮ್ಮ ಮನ್ಯಾಕಿ ತವರು ಅದೇ ಊರು" ಅಂತ ಕೈ ಹಿಡಿದುಕೊಂಡ.

ಹೀಗೆ ಅಲ್ಲೊಂದು ಇಲ್ಲೊಂದು ಸೇರಿ ಒಂದು ಕ್ರೇಟು ಕೂಡ ತುಂಬಲಿಲ್ಲ. ಧಣಿ ಸಿಟ್ಟಾಗುತ್ತಾರೆ ಅಂತ ಗೊತ್ತಿತ್ತು. ಉಳಿದದ್ದು ಶಹಾಪುರ. ಸೇತುವೆಯ ಅಂಗಡಿಯ ಮಾಲೀಕ ಇರುವುದು ಅಲ್ಲೇ. ಅವನಿಗೆ ಇಂಥ ಅಂಗಡಿಗಳು ಇನ್ನೂ ಇದ್ದವು. ಅವನು ನನ್ನನ್ನು ಅಂಗಡಿಯ ಮುಂದೆ ನಿಲ್ಲಿಸಲಿಲ್ಲ. ಹಿಂದಿದ್ದ ತನ್ನ ಮನೆಗೆ ಕರೆದು, ಕುರ್ಚಿ ಕೊಟ್ಟು, ಚಹಾ ತರಿಸಿದ. ಕಾಂಟ್ರಾಕ್ಟರರ ಡ್ರೈವರಿಗೆ ಕುರ್ಚಿ ಕೊಡುವವರು ಕಡಿಮೆ. ನಾನು ಅಲ್ಲೇ ಸೋತೆ ಅನ್ನಿಸುತ್ತದೆ.

"ಎರಡು ಕ್ರೇಟ್ ಕೊಡ್ತೀನಿ, ಎಲ್ಲಾ ಫಸ್ಟ್ ಕ್ಲಾಸ್ ಮಾಲು" ಅಂದ. ಆಮೇಲೆ, "ಆ ಕೌದಿ ಹಾಸಾಕಿ ನಿನ್ನ ತಂಗಿ ಅಲ್ಲೇನು?" ಅಂದ.

ಹೌದು ಅಂದೆ.

"ಛಲೋ ಹೆಣ್ಮಗಳು. ನಾ ಆಕಿಗೆ ಒಂದು ಮಾತು ಬೈದಿಲ್ಲ, ಕೇಳು ಬೇಕಾದ್ರ. ಪೊಲೀಸರಿಗೆ ಹೇಳಿಲ್ಲ. ನನಗೂ ತಂಗಿ ಇದ್ದಂಗ ಆಕಿ. ತಂಗಿ ಅಂದ್ಮ್ಯಾಲ ನಾಗರ ಪಂಚಮಿಗೆ ಉಡಿ ತುಂಬಬೇಕಿಲ್ಲೋ?"

ಒಳಗಿನಿಂದ ಅವನ ಹೆಂಡತಿ ಒಂದು ಗಂಟು ತಂದು ಇಟ್ಟಳು. ಅವನು ಗಂಟು ಬಿಚ್ಚಿ ತೋರಿಸಿದ. ಅಕ್ಕಿ, ಕಾಯಿ, ಉತ್ತತ್ತಿ, ಅರಿಶಿನದ ಬೇರು, ಕುಪ್ಪಸದ ಬಟ್ಟೆ. ಎಲ್ಲಕ್ಕಿಂತ ಮೇಲೆ ಒಂದು ಸೀರೆ. ಹಸಿರು ಮೈ, ಅಗಲವಾದ ಕೆಂಪು ಅಂಚು, ರಂಗಂಪೇಟೆ ಮಗ್ಗದ್ದು. ಅಂಥ ಸೀರೆಯನ್ನು ನಮ್ಮ ಮನೆಯಿಂದ ನಾವು ಯಾರಿಗೂ ಕೊಟ್ಟಿರಲಿಲ್ಲ.

"ಒಯ್ದು ನಿನ್ನ ಮನ್ಯಾಗ ತುಂಬಸು. ನಂದು ಅಂತ ಹೇಳಬ್ಯಾಡ. ನಿಂದೇ ಅಂತ ಕೊಡು."

"ಯಾಕ್ರಿ?"

ಅವನು ನನ್ನನ್ನು ಮಗುವನ್ನು ನೋಡಿದಂತೆ ನೋಡಿದ. "ಯಾಕಂದ್ರೇನಪಾ? ಉಡಿ ಅಕ್ಕಿ ಉಂಡ ಹೆಣ್ಮಗಳು ಅದೇ ಮನಿ ಬಾಗಲಿಗೆ ಅಡ್ಡ ಕೂಡತಾಳೇನು? ನೀ ಏನೂ ಮಾತಾಡಬ್ಯಾಡ. ಹೇಳೋ ಹೊತ್ತಿಗೆ ನಾ ಹೇಳ್ತೀನಿ."

ಅವನು ಮುಚ್ಚಿಡಲಿಲ್ಲ. ಇದನ್ನು ಗಟ್ಟಿಯಾಗಿ ಬರೆಯಬೇಕು. ಅವನು ನನಗೆ ಮೋಸ ಮಾಡಲಿಲ್ಲ. ಎಲ್ಲವನ್ನೂ ಬಿಡಿಸಿ ಹೇಳಿದ. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಉಡಿ ಅಂದರೆ ಏನೆಂದು ನನಗೆ ಗೊತ್ತಿತ್ತು. ಉಡಿ ತುಂಬಿದ ಮನೆ ಆಕೆಗೆ ತವರು. ಆ ಮನೆಗೆ ಕೆಟ್ಟದ್ದು ಬಯಸಿದರೆ ತನ್ನ ಗಂಡ ಮಕ್ಕಳಿಗೇ ತಟ್ಟುತ್ತದೆ ಅಂತ ಆಕೆ ನಂಬುತ್ತಾಳೆ. ನನ್ನ ತಂಗಿಯಂತೂ ಬೇರೆಯವರ ಮನೆಯ ಉಪ್ಪು ಕೇಳಿ ತಂದರೂ ವರ್ಷಗಟ್ಟಲೆ ನೆನೆಯುವವಳು. ಇಷ್ಟೆಲ್ಲ ಗೊತ್ತಿದ್ದೂ ನಾನು ಆ ಗಂಟನ್ನು ತೆಗೆದುಕೊಂಡೆ.

ಯಾಕೆ ಅಂತ ನನ್ನನ್ನು ನಾನೇ ಬೈದುಕೊಂಡು ಕೇಳಿದ್ದೇನೆ. ಧಣಿಯ ಹೆದರಿಕೆ ಒಂದು. ಎರಡು ಕ್ರೇಟು ಬಿಟ್ಟು ಬಂದರೆ ಕೆಲಸ ಹೋಗುತ್ತಿತ್ತೋ ಏನೋ. ಆದರೆ ಅದು ನೆಪ. ನನ್ನ ಕಣ್ಣು ಆ ಸೀರೆಯ ಮೇಲಿತ್ತು. ನಾನು ಪ್ರತಿ ಪಂಚಮಿಗೆ ತಂಗಿಗೆ ಕೊಡುತ್ತಿದ್ದದ್ದು ಸಂತೆಯ ಸೀರೆ, ಎರಡು ಸಲ ಒಗೆದರೆ ಬಣ್ಣ ಬಿಡುವಂಥದ್ದು. ಆಕೆ ಅದನ್ನು ಉಟ್ಟು ಹೋದಾಗ ಆಕೆಯ ಅತ್ತೆ ಓಣಿಯ ಹೆಂಗಸರನ್ನು ಕರೆದು, "ಬರ್ರೇ, ಡ್ರೈವರಣ್ಣ ಕೊಟ್ಟ ಪೀತಾಂಬರ ನೋಡ್ರೆ, ಈ ಕಡಿಂದ ನೋಡಿದ್ರ ಆ ಕಡಿ ಕಾಣ್ತದ" ಅನ್ನುತ್ತಿದ್ದಳಂತೆ. ಒಂದು ಸಲವಾದರೂ ಆ ಮುದುಕಿಯ ಬಾಯಿ ಮುಚ್ಚಿಸಬೇಕು ಅನ್ನುವ ಕಿಚ್ಚು ನನಗಿತ್ತು. ಯಾರ ಸೀರೆಯಿಂದ ಮುಚ್ಚಿಸುತ್ತಿದ್ದೇನೆ ಅಂತ ವಿಚಾರ ಮಾಡಲಿಲ್ಲ. ವಿಚಾರ ಮಾಡಿದರೆ ಸೀರೆ ಬಿಡಬೇಕಾಗುತ್ತಿತ್ತು.

ಕ್ರೇಟುಗಳನ್ನು ಹಿಂದೆ ಇಟ್ಟು, ಸುತ್ತ ಹುಲ್ಲು ತುರುಕಿ, ಉಡಿಯ ಗಂಟನ್ನು ಮುಂದಿನ ಸೀಟಿನ ಮೇಲೆ ಇಟ್ಟುಕೊಂಡು ಬಂದೆ. ದಾರಿಯುದ್ದಕ್ಕೂ ಬಾಟಲಿ ಕಿಣಿಕಿಣಿ ಅನ್ನುತ್ತಿದ್ದವು.

ಪಂಚಮಿಗೆ ತಂಗಿಯನ್ನು ಕರೆತಂದೆ. ಬೇವಿನ ಗಿಡಕ್ಕೆ ಜೋಕಾಲಿ ಕಟ್ಟಿದ್ದೆವು. ಜೋಳದ ಅಳ್ಳು, ಶೇಂಗಾ ಉಂಡಿ ತಿಂದು, ಮಕ್ಕಳನ್ನು ಸರಿಸಿ ತಾನೂ ಒಂದು ಜೀಕು ಜೀಕಿದಳು. ಆಕೆ ಅಷ್ಟು ನಕ್ಕಿದ್ದನ್ನು ನೋಡಿ ಬಹಳ ದಿನವಾಗಿತ್ತು. ಗಂಡ ಕುಡಿಯುವುದನ್ನು ಬಿಟ್ಟು ಸಾಕಷ್ಟು ದಿನಗಳಾಗಿದ್ದವು. ಹೊರಡುವ ಹೊತ್ತಿಗೆ ನನ್ನ ಹೆಂಡತಿ ಉಡಿ ತುಂಬಿದಳು. ಆ ಗಂಟನ್ನು ಹೇಗೆ ಕೊಟ್ಟಿದ್ದರೋ ಹಾಗೆಯೇ ಬಿಚ್ಚಿಟ್ಟಿದ್ದೆ. ಅಕ್ಕಿಯನ್ನಾದರೂ ಬದಲಿಸಬಹುದಿತ್ತು. ನಮ್ಮ ಮನೆಯ ರೇಷನ್ ಅಕ್ಕಿಯನ್ನು ಹಾಕಬಹುದಿತ್ತು. ಅದನ್ನೂ ಮಾಡಲಿಲ್ಲ.

ಸೀರೆ ಕಂಡು ತಂಗಿಯ ಕಣ್ಣು ಅಗಲವಾದವು. "ಯಣ್ಣಾ! ಇದೇನು, ಲಾಟ್ರಿ ಹತ್ತೇದೇನು ನಿನಗ?"

ನನ್ನ ಹೆಂಡತಿಯೂ ಅದನ್ನೇ ಕೇಳಿದ್ದಳು. ಇಬ್ಬರಿಗೂ ಒಂದೇ ಸುಳ್ಳು ಹೇಳಿದೆ. "ಧಣಿ ಇನಾಮು ಕೊಟ್ಟಾರ. ಉಟಗೋ."

ಆಕೆ ತುಂಬಿದ ಉಡಿ ಹಿಡಿದು ನಿಂತು, ತವರಿಗೆ ಹೇಳುವ ಮಾತು ಹೇಳಿದಳು. "ಈ ಉಡಿ ತುಂಬಿದ ಮನಿ ತುಂಬಿ ತುಳಕ್ಲಿ." ಆಕೆ ಹರಸಿದ್ದು ಯಾವ ಮನೆಯನ್ನು? ಆ ಮಾತು ಶಹಾಪುರಕ್ಕೆ ಹೋಗಿ ಬಿತ್ತು. ಆ ಮನೆ ಇವತ್ತು ಮೂರು ಅಂತಸ್ತಾಗಿದೆ. ತುಂಬಿ ತುಳುಕುತ್ತಿದೆ.

ದಸರೆ ಕಳೆದ ಮೇಲೆ ಸವಾಲು ನಡೆಯಿತು. ಶಾಲೆಯ ಅಂಗಳದಲ್ಲಿ ಶಾಮಿಯಾನ, ಮೈಕು, ಮುಂದೆ ಕುರ್ಚಿಯಲ್ಲಿ ಕಾಂಟ್ರಾಕ್ಟರರು, ಭತ್ತದ ಗಿರಣಿಯವರು, ಗೋಗಿಯ ಕಡೆಯಿಂದ ಬಂದ ದೊಡ್ಡ ರೈತರು. ಹೆಂಗಸರು ಒಂದು ಬದಿಗೆ ಚಾಪೆಯ ಮೇಲೆ. ಮೇಜಿನ ಮೇಲೆ ಬಾಟಲಿಗಳನ್ನು ಸಾಲಾಗಿ ನಿಲ್ಲಿಸುವ ಕೆಲಸ ನನ್ನದು. ಒಂದು ಮಾರಿದ ಕೂಡಲೇ ಇನ್ನೊಂದನ್ನು ಕ್ರೇಟಿನಿಂದ ತೆಗೆದು ಹುಲ್ಲು ಝಾಡಿಸಿ ಇಡಬೇಕು. ಕೂಗುವವನು ಒಂದು ಸಲ, ಎರಡು ಸಲ ಅಂತ ಗಂಟಲು ಹರಿದುಕೊಳ್ಳುತ್ತಿದ್ದ. ಧಣಿ ಹೇಳಿದಂತೆಯೇ ಆಯಿತು. ಒಬ್ಬರ ಮೇಲೆ ಒಬ್ಬರು ಏರಿದರು. ಯಾದಗಿರಿಯ ಆ ಬೆಳ್ಳನೆ ಚೀಟಿಯ ಬಾಟಲಿ ಕೂಡ ಹೋಯಿತು. ಅಂಗಡಿಯ ಮಾಲೀಕ ತಾನು ಕೊಟ್ಟ ಬಾಟಲಿಯನ್ನು ತಾನೇ ಕೊಂಡು, ಮತ್ತೆ ಸವಾಲಿಗೆ ಬಿಟ್ಟ. ಎಲ್ಲರೂ ಚಪ್ಪಾಳೆ ತಟ್ಟಿದರು.

ಆಗ ಹಿರಿಯರು ತಮ್ಮ ಮಾತಿನಂತೆ, "ಊರ ಹೆಣ್ಮಕ್ಕಳ ಪರ ಒಂದು ಮಾತದ, ಕೇಳ್ರಿ" ಅಂದರು.

ನನ್ನ ತಂಗಿ ಎದ್ದು ನಿಂತಳು. ಆ ಹಸಿರು ಸೀರೆ ಉಟ್ಟಿದ್ದಳು. ಇದ್ದುದರಲ್ಲಿ ಒಳ್ಳೆಯದು ಅದೇ. ತವರಿನ ಸೀರೆ ಉಟ್ಟರೆ ಧೈರ್ಯ ಬರುತ್ತದೆ ಅಂತ ಉಟ್ಟಿದ್ದಳಂತೆ. ಸೆರಗು ಸರಿ ಮಾಡಿಕೊಂಡು ಬಾಯಿ ತೆರೆಯುವುದರೊಳಗೆ ಮಾಲೀಕ ಎದ್ದು ಕೈ ಮುಗಿದ.

"ತಂಗಿ ಏನು ಕೇಳಿದ್ರೂ ಕೊಡಾಕ ನಾ ತಯಾರದೀನಿ. ಆಕಿ ನನ್ನ ಮನಿ ಹೆಣ್ಮಗಳು. ನೋಡ್ರಿ, ಆಕಿ ಉಟ್ಟ ಸೀರಿ ನಮ್ಮ ಮನಿ ಪಂಚಮಿ ಉಡೀದು. ನಮ್ಮ ಮನಿ ಅಕ್ಕಿ ಉಂಡಾಳ. ನನ್ನ ಅಂಗಡಿ ಬಾಗಲ ಮುಚ್ಚಿ ಮಕ್ಕಳ ಕೈಗೆ ಚಿಪ್ಪು ಕೊಡು ಅಂತ ಆಕಿ ಹೆಂಗ ಅಂದಾಳು? ಸುಳ್ಳಾದ್ರ ಅಲ್ಲೇ ನಿಂತಾನ ಆಕಿ ಅಣ್ಣ, ಕೇಳ್ರಿ."

ಅಷ್ಟೂ ಮಂದಿ ನನ್ನ ಕಡೆ ತಿರುಗಿದರು. ತಂಗಿಯೂ ತಿರುಗಿದಳು.

"ಅಣ್ಣಾ, ಖರೇನ?"

ಮೈಕಿಲ್ಲದೆಯೂ ಆಕೆಯ ದನಿ ನನಗೆ ಕೇಳಿಸಿತು. ಸುಳ್ಳು ಅಂದಿದ್ದರೆ ಸಾಕಿತ್ತು. ಅಥವಾ ಖರೆ ಅಂದು, ನಾನೇ ಹಾಳು ಮಾಡಿದೆ, ಆಕೆಗೇನೂ ಗೊತ್ತಿಲ್ಲ ಅಂದಿದ್ದರೂ ಸಾಕಿತ್ತು. ಹೆಂಗಸರಾದರೂ ಆಕೆಯ ಜೊತೆ ಉಳಿಯುತ್ತಿದ್ದರು. ನಾನು ಕ್ರೇಟಿನ ಮೇಲೆ ಬಗ್ಗಿ ಹುಲ್ಲು ಸರಿ ಮಾಡಿದೆ. ಸರಿಯಾಗಿಯೇ ಇದ್ದ ಹುಲ್ಲನ್ನು ತೆಗೆದು ತೆಗೆದು ಮತ್ತೆ ತುರುಕಿದೆ.

ಆಕೆ ಕುಳಿತಳು. ಪಕ್ಕದಲ್ಲಿದ್ದವಳು ತನ್ನ ಸೆರಗು ಆಕೆಗೆ ತಾಗದಂತೆ ಎಳೆದುಕೊಂಡು, "ಇದಕ್ಕೇನಬೇ ನಮ್ಮನ್ನ ಬಿಸಲಾಗ ಕೂಡಿಸಿ ಕೌದಿ ಹೊಲಸಿದ್ದು?" ಅಂದಳು. ಮುಂದಿನ ಬಾಟಲಿಯ ಕೂಗು ಶುರುವಾಯಿತು. ಇಡಬೇಕಾದ ಬಾಟಲಿಯನ್ನು ನಾನು ಇಟ್ಟೆ.

ಸಂಜೆ ಆಕೆಯ ಮನೆಗೆ ಹೋದೆ. ಆಕೆ ಹಳೆಯ ಸೀರೆ ಉಟ್ಟು, ಹಸಿರು ಸೀರೆಯನ್ನು ಮುಂದಿಟ್ಟುಕೊಂಡು ಕುಳಿತಿದ್ದಳು. ಅಲ್ಲಾದರೂ ಹೇಳಬೇಕಿತ್ತು. ಬಾಯಿಂದ ಬಂದದ್ದು ಬೇರೆ.

"ನನಗ ಗೊತ್ತಿರಲಿಲ್ಲ ತಂಗಿ. ಧಣಿ ಇನಾಮು ಅಂತ ಕೊಟ್ರು. ಅದು ಅವನ ಮನೀಂದು ಅಂತ ನನಗ್ಯಾರೂ ಹೇಳಲಿಲ್ಲ."

ಅತ್ತೆ ಬಾಗಿಲಲ್ಲಿ ನಿಂತು, "ಗೊತ್ತಿರಲಿಲ್ಲಂತ! ಎಂಥಾ ಅಣ್ಣನ್ನ ಪಡದೀಯವ್ವ" ಅಂದಳು.

ತಂಗಿ ಎದ್ದು ಅತ್ತೆಯ ಮೇಲೆ ಹೋದಳು. ಮದುವೆಯಾಗಿ ಬಂದ ಮೇಲೆ ಆಕೆ ಅತ್ತೆಗೆ ಎದುರು ಮಾತಾಡಿದ್ದು ಅದೇ ಮೊದಲು. "ನಮ್ಮಣ್ಣನ್ನ ಒಂದು ಮಾತು ಅನಬ್ಯಾಡ್ರಿ. ಅಂವ ಸಾದಾ ಮನಷ್ಯಾ. ಅವನಿಗೆ ಮೋಸ ಮಾಡ್ಯಾರ."

ನಾನು ಆ ಮಾತನ್ನು ಕೇಳಿಸಿಕೊಂಡು, ನೀರು ಕುಡಿದು, ಜೀಪು ಹತ್ತಿ ಬಂದೆ. ಸವಾಲಿನ ಅಂಗಳದಲ್ಲಿ ಸುಮ್ಮನಿದ್ದದ್ದು ಹೆದರಿಕೆ. ಇದು ಹೆದರಿಕೆಯಲ್ಲ. ಇದು ನೀಚತನ.

ಆಮೇಲೆ ಅಂಗಡಿಯ ಮುಂದೆ ಯಾರೂ ಕೂಡಲಿಲ್ಲ. ತಂಗಿ ಕೂಡುವಂತಿರಲಿಲ್ಲ, ಉಡಿ ಉಂಡಿದ್ದಳು. ಆಕೆಯಿಲ್ಲದೆ ಉಳಿದವರು ಕೂಡಲಿಲ್ಲ. ಆಕೆಯ ಗಂಡ ಮೊದಲು ಹಗಲು ಹೋಗದೆ ಕತ್ತಲಾದ ಮೇಲೆ ಹೋದ. ಆಮೇಲೆ ಹಗಲೂ ಹೋದ. ಹೊಟ್ಟೆ ಊದಿಕೊಂಡಿತು, ಕಣ್ಣು ಹಳದಿಯಾದವು. ಮುಂದಿನ ಭತ್ತದ ರಾಶಿ ಆಗುವ ಹೊತ್ತಿಗೆ ಆತ ಇರಲಿಲ್ಲ. ಮಣ್ಣು ಮಾಡಿ ಬರುವಾಗ ಸೇತುವೆ ದಾಟಿದೆವು. ಅಂಗಡಿ ತೆರೆದಿತ್ತು. ಹೆಣ ಹೊತ್ತವರಲ್ಲಿ ಇಬ್ಬರು ಹಿಂದೆಯೇ ಉಳಿದರು. ಎಲ್ಲಿ ಉಳಿದರು ಅಂತ ಯಾರೂ ಕೇಳಲಿಲ್ಲ.

ಗಂಡ ಹೋದ ಹೆಣ್ಣುಮಗಳಿಗೆ ನಮ್ಮಲ್ಲಿ ಉಡಿ ತುಂಬುವುದಿಲ್ಲ. ಇಂಥ ಪದ್ಧತಿ ಮಾಡಿದವರ ಮೇಲೆ ನನಗಿರುವ ಸಿಟ್ಟು ಹೇಳತೀರದು. ಆದರೆ ಅದು ಬೇರೆ ಮಾತು. ಆ ಬ್ರಾಂಡಿ ಅಂಗಡಿಯವನ ಅಕ್ಕಿಯೇ ನನ್ನ ತಂಗಿಯ ಕೊನೆಯ ಉಡಿ ಆಯಿತು. ಅಣ್ಣನಾಗಿ ನಾನು ತುಂಬಿಸಿದ್ದು ಅದನ್ನು.

ಹಸಿರು ಸೀರೆಯನ್ನು ಆಕೆ ಸುಡಲಿಲ್ಲ, ವಾಪಸ್ಸು ಕಳಿಸಲಿಲ್ಲ. ಉಡಿಯನ್ನು ವಾಪಸ್ಸು ಕಳಿಸಬಾರದು. ಕತ್ತರಿ ತೆಗೆದುಕೊಂಡು ತುಂಡು ತುಂಡು ಮಾಡಿ, ಅರ್ಧ ಉಳಿದಿದ್ದ ಆ ಕೌದಿಗೆ ಹಚ್ಚಿ ಹೊಲಿದಳು. ನಾನು ಪ್ರತಿ ಪಂಚಮಿಗೆ ರಂಗಂಪೇಟೆಗೆ ಹೋಗಿ, ಮಗ್ಗದವರ ಮನೆಯಲ್ಲಿ ನನ್ನ ರೊಕ್ಕ ಕೊಟ್ಟು ಸೀರೆ ತಂದು ಕೊಡುತ್ತೇನೆ. ನಾನು ಹೋದ ಕೂಡಲೇ ಆಕೆ ಅದೇ ಕೌದಿ ಹಾಸುತ್ತಾಳೆ. "ಕೂಡಣ್ಣಾ. ಆ ಹಲಕಟ್ಟನ ಸೀರಿ ಮ್ಯಾಲೇ ಕೂಡು" ಅನ್ನುತ್ತಾಳೆ. ಆಮೇಲೆ ನಾನು ತಂದ ಸೀರೆಯ ಮಡಿಕೆ ಬಿಚ್ಚಿ ನೋಡಿ ಚಾಷ್ಟಿ ಮಾಡುತ್ತಾಳೆ.

"ಇದು ನಿಂದೇ ಹೌದಿಲ್ಲೋ? ಮತ್ತ ಯಾರರ ಮೋಸ ಮಾಡಿ ಕೊಟ್ಟು ಕಳಿಸ್ಯಾರೇನು?"

ಆಕೆ ನಗುತ್ತಾಳೆ. ನಾನೂ ನಗುತ್ತೇನೆ. ಇಷ್ಟು ವರ್ಷ ನಕ್ಕೆ.

ಈ ವರ್ಷ ನಗಲಿಲ್ಲ. ಹೋಗುವಾಗ ಆ ಕರಿಕಲ್ಲನ್ನು ನೋಡಿದ್ದೆ. ಯಾರೋ ಅದಕ್ಕೆ ಹೊಸದಾಗಿ ಬಿಳಿ ಬಣ್ಣ ತುಂಬಿದ್ದರು, ಮಾಲೀಕನ ಹೆಸರು ರಸ್ತೆಯಿಂದಲೇ ಕಾಣುತ್ತಿತ್ತು. ತಲೆ ಕಾದಿತ್ತು. ತಂಗಿ ಕೌದಿ ಹಾಸಿದಳು, ಕುಳಿತೆ. ನಾನು ತಂದ ಸೀರೆಯ ಮಡಿಕೆ ಬಿಚ್ಚಿದಳು. "ಇದು ನಿಂದೇ ಹೌದಿಲ್ಲೋ?" ಅಂದಳು.

"ಆಗೂ ನನಗ ಗೊತ್ತಿತ್ತು" ಅಂದೆ.

"ಏನು?"

"ಆ ಉಡಿ ಅವಂದು ಅಂತ. ಯಾಕ ಕೊಡಾಕತ್ತಾನ ಅಂತನೂ ಹೇಳಿದ್ದ. ಎಲ್ಲಾ ತಿಳಿದೇ ತಂದಿದ್ದೆ. ಧಣಿ ಕೊಟ್ಟಿರಲಿಲ್ಲ, ಯಾರೂ ಮೋಸ ಮಾಡಿರಲಿಲ್ಲ."

ಆಕೆ ಸೀರೆಯ ಮಡಿಕೆಯನ್ನು ಮತ್ತೆ ಸರಿ ಮಾಡಿದಳು. ಬೈಯುತ್ತಾಳೆ ಅಂತ ಕಾದೆ. ಬೈದಿದ್ದರೆ ಆಗುತ್ತಿತ್ತು.

"ಅಕ್ಕೀನೂ ಅವಂದೇ ಏನು?" ಅಂದಳು. "ನಿಮ್ಮ ಮನೀದು ಒಂದು ಹಿಡಿನೂ ಹಾಕಿರಲಿಲ್ಲೇನು?"

"ಇಲ್ಲ."

"ಪಂಚಮಿ ಮರುದಿನ ಅದನ್ನೇ ಮಾಡಿ ಬಡಿಸಿದ್ದೆ ಆತನಿಗೆ. ನಿಮ್ಮಣ್ಣನ ಮನಿ ಅಕ್ಕಿ ಛಲೋ ಅದಾವ ಅಂತ ಎರಡು ಸಲ ನೀಡಿಸಿಕೊಂಡು ಉಂಡಿದ್ದ."

ಆಕೆ ಸೀರೆಯನ್ನು ನನ್ನ ಚೀಲದ ಮೇಲೆ ಇಟ್ಟು ಎದ್ದಳು. ಕೌದಿಯ ಒಂದು ಮೂಲೆ ಹಿಡಿದಳು.

"ಏಳು."

ಎದ್ದು ನಿಂತೆ. ಆಕೆ ಕೌದಿಯನ್ನು ಎಳೆದುಕೊಂಡು, ಅಂಗಳಕ್ಕೆ ಒಯ್ದು ಎರಡೂ ಕೈಯಿಂದ ಝಾಡಿಸಿದಳು. ನಾನು ಕುಳಿತಿದ್ದ ಕಡೆಯನ್ನು ಮತ್ತೆ ಮತ್ತೆ ಝಾಡಿಸಿದಳು. ಆಮೇಲೆ ಮಡಚಿ ಹೆಗಲ ಮೇಲೆ ಹಾಕಿಕೊಂಡು ಒಳಗೆ ಹೋದಳು. ನಾನು ಬರಿ ನೆಲದ ಮೇಲೆ ನಿಂತೇ ಇದ್ದೆ. ಎಲ್ಲಿ ಕೂಡಬೇಕು ಅಂತ ಆಕೆ ಹೇಳಲಿಲ್ಲ.